ಚಾವಡಿಯ ಟಿವಿಯಲ್ಲಿ ಹಾಡು ಬಾರದಿದ್ದಾಗ

"ಹಾಡು ಬರುವುದಿಲ್ಲ ಮಾರಾಯ."

ಕೊಡವೂರಿನ ಸೋದರಮಾವನ ಫೋನು ಯಾವಾಗಲೂ ಹೀಗೆಯೇ ಶುರುವಾಗುತ್ತದೆ, ಅದೂ ರಾತ್ರಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ. ಮಾವನ ಮಟ್ಟಿಗೆ ದೋಷ ಒಂದೇ: ಹಾಡು ಬರುವುದಿಲ್ಲ. ಮಣಿಪಾಲದಲ್ಲಿ ಕುಳಿತು ಫೋನಿನಲ್ಲೇ ಅದನ್ನು ಸರಿಪಡಿಸಬೇಕಾದ ನನಗೆ ಆ ಎರಡು ಮಾತಿನ ಹಿಂದೆ ಹತ್ತಾರು ಬೇರೆ ಬೇರೆ ದೋಷಗಳಿವೆ. ಮನೆಯೊಳಗಿನ ಜಾಲದಲ್ಲಿ ಸಂಗೀತ ಹಂಚಿಕೊಳ್ಳುವ ಬೇರೆಯವರಿಗೂ ಇವೇ ಎದುರಾಗುತ್ತವೆ ಎಂದು ಈಚೆಗೆ ಎರಡು ಮನೆಗಳಲ್ಲಿ ನೋಡಿದ ಮೇಲೆ ಬರೆದಿಡೋಣ ಅನ್ನಿಸಿತು.

ಮೊದಲು ಮನೆಯ ವ್ಯವಸ್ಥೆ ಹೇಳಿಬಿಡುತ್ತೇನೆ. ಮಾಳಿಗೆಯ ಕೋಣೆಯಲ್ಲಿ ಅಂಗೈ ಅಗಲದ ಒಂದು ಪುಟ್ಟ ಕಂಪ್ಯೂಟರು, ರಾಸ್ಪ್‌ಬೆರಿ ಪೈ 4; ಅದಕ್ಕೆ ಸಿಕ್ಕಿಸಿದ 2 ಟಿಬಿ ಹಾರ್ಡ್ ಡಿಸ್ಕ್. ಎರಡೂ ಸೇರಿ ನಮ್ಮ ಸರ್ವರ್. ಡಿಸ್ಕಿನಲ್ಲಿ ಮಾವ ವರ್ಷಗಟ್ಟಲೆ ಕೂಡಿಟ್ಟ ಕ್ಯಾಸೆಟ್ಟುಗಳ ಡಿಜಿಟಲ್ ಪ್ರತಿ: ರಾತ್ರಿಯಿಡೀ ನಡೆದ ಯಕ್ಷಗಾನದ ಆಟಗಳು, ತಾಳಮದ್ದಳೆಗಳು, ಕಾಳಿಂಗ ನಾವಡರ ಪದ್ಯಗಳು, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿಗಳು, ಅತ್ತೆಯ ದೇವರನಾಮಗಳು, ಯಾರೋ ಗದ್ದೆಯ ಬದುವಿನಲ್ಲಿ ನಿಂತು ಹಿಡಿದ ತುಳು ಪಾಡ್ದನಗಳು. ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ ಕಡತಗಳು. ಇವನ್ನು ಮನೆಗೆ ಹಂಚುವ ತಂತ್ರಾಂಶಗಳು ಎರಡು. ಲ್ಯಾಪ್‌ಟಾಪಿಗೂ ಮೊಬೈಲಿಗೂ ಫೋಲ್ಡರಿನಂತೆ ತೋರಿಸುವುದು ಸಾಂಬಾ. ಚಾವಡಿಯ ಟಿವಿಗೆ ಪಟ್ಟಿಯ ರೂಪದಲ್ಲಿ ಬಡಿಸುವುದು ಮಿನಿಡಿಎಲ್‌ಎನ್‌ಎ. ಎರಡೂ ಬೇರೆ ಬೇರೆ ಬಾಗಿಲುಗಳು. ಒಂದು ಮುಚ್ಚಿದ್ದಾಗ ಇನ್ನೊಂದು ತೆರೆದಿರಬಹುದು, ಮತ್ತು ಯಾವುದು ತೆರೆದಿದೆ ಎಂಬುದೇ ಒಳ್ಳೆಯ ಸುಳಿವು.

ರೌಟರ್ ಆರಿಸಬೇಡಿ

ಹಾಡು ನಿಂತ ಕೂಡಲೇ ಮನೆಯವರೆಲ್ಲ ಮಾಡುವ ಕೆಲಸ ರೌಟರಿನ ಪ್ಲಗ್ ಕಿತ್ತು ಹಾಕುವುದು. ಇದರಿಂದ ಕೆಲವೊಮ್ಮೆ ಹಾಡು ಬರುತ್ತದೆ, ಆದರೆ ಏಕೆ ನಿಂತಿತ್ತು ಎಂಬುದು ಗೊತ್ತಾಗುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಫೋನು ಬರುತ್ತದೆ. ನಾನು ಮಾವನಿಗೆ ಕಲಿಸಿದ್ದು ಮೂರು ಪ್ರಶ್ನೆ. ಟಿವಿಯಲ್ಲಿ ಸರ್ವರಿನ ಹೆಸರು ಕಾಣುತ್ತದೆಯೇ? ಕಂಡರೆ, ಒಳಗೆ ಹೋದಾಗ ಪಟ್ಟಿ ತೆರೆಯುತ್ತದೆಯೇ? ತೆರೆದರೆ, ಒತ್ತಿದ ಹಾಡು ನುಡಿಯುತ್ತದೆಯೇ? ಕಾಣದಿದ್ದರೆ ತೊಂದರೆ ಜಾಲದ್ದು. ಕಂಡೂ ಪಟ್ಟಿ ಖಾಲಿ ಇದ್ದರೆ ಡಿಸ್ಕಿನದ್ದು. ಪಟ್ಟಿ ಬಂದೂ ಹಾಡು ನುಡಿಯದಿದ್ದರೆ ಹೆಚ್ಚಾಗಿ ಕಡತದ್ದು, ಇಲ್ಲವೇ ಗೋಡೆಯದ್ದು. ಗೋಡೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪ್ರಶ್ನೆಗಳಿಗಿಂತಲೂ ಬಲವಾದ ಸಾಧನವೊಂದು ಮಿನಿಡಿಎಲ್‌ಎನ್‌ಎಯಲ್ಲೇ ಇದೆ, ಬಹಳ ಜನ ಅದನ್ನು ತೆರೆದು ನೋಡುವುದೇ ಇಲ್ಲ. ಮನೆಯ ಯಾವುದಾದರೂ ಮೊಬೈಲಿನ ಬ್ರೌಸರಿನಲ್ಲಿ ಸರ್ವರಿನ ಐಪಿ ವಿಳಾಸ, ವಿಸರ್ಗದಂತೆ ಕಾಣುವ ಕೋಲನ್ ಚಿಹ್ನೆ (:), ಆಮೇಲೆ 8200 ಎಂದು ಬರೆಯಿರಿ. ಮಾವನ ಮನೆಯಲ್ಲಿ ಅದು 192.168.1.20:8200. ಒಂದು ಬೋಳು ಪುಟ ತೆರೆಯುತ್ತದೆ. ಎಷ್ಟು ಹಾಡು, ಎಷ್ಟು ವಿಡಿಯೊ, ಎಷ್ಟು ಚಿತ್ರ ಎಂಬ ಲೆಕ್ಕ; ಕೆಳಗೆ ಈಗ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ. ಅಷ್ಟೇ. ಲೆಕ್ಕ ಒಂಬತ್ತು ಸಾವಿರ ಚಿಲ್ಲರೆ ಇದ್ದರೆ ಸರ್ವರ್ ನಿರಪರಾಧಿ. ಸೊನ್ನೆ ಇದ್ದರೆ ಡಿಸ್ಕ್ ಕೈಕೊಟ್ಟಿದೆ. ಪುಟವೇ ತೆರೆಯದಿದ್ದರೆ ಜಾಲವೋ ಸರ್ವರೋ ಸತ್ತಿದೆ. ಈ ವಿಳಾಸವನ್ನು ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟ ಮೇಲೆ ನಮ್ಮ ಫೋನ್ ಸಂಭಾಷಣೆ ಅರ್ಧಕ್ಕರ್ಧ ಇಳಿಯಿತು.

"ಮಾವ, ಎಷ್ಟು ಅಂತ ಬರೆದಿದೆ?"

"ಸೊನ್ನೆ."

"ಹಾಗಾದರೆ ರೌಟರ್ ಮುಟ್ಟಬೇಡಿ."

ಸರ್ವರಿನ ವಿಳಾಸ ದಿನಕ್ಕೊಂದು ಆಗುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ರೌಟರಿನ ಸೆಟ್ಟಿಂಗಿನಲ್ಲಿ ಆ ಯಂತ್ರಕ್ಕೆ ಒಂದೇ ವಿಳಾಸ ಕಾಯ್ದಿರಿಸುವ ಅವಕಾಶವಿದೆ. ಮೊದಲ ದಿನವೇ ಮಾಡಿ.

ತಂತಿ, ಉಪ್ಪುಗಾಳಿ, ಸಿಡಿಲು

ಮಲ್ಪೆಯ ಕಡಲು ಮಾವನ ಮನೆಗೆ ದೂರವಿಲ್ಲ. ಮೂರನೆಯ ಮಳೆಗಾಲ ಕಳೆಯುವಾಗ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿದರೆ ತುದಿಯ ಎಂಟು ಪಿನ್ನುಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು ಕೂತಿತ್ತು. ಅಗ್ಗದ ತುದಿಗಳಲ್ಲಿ ಚಿನ್ನದ ಲೇಪ ಹೆಸರಿಗೆ ಮಾತ್ರ. ಕೇಬಲ್ ಅಲುಗಾಡಿಸಿದಾಗ ದೀಪ ಬರುವುದು ಹೋಗುವುದು ಆಗುತ್ತಿದ್ದರೆ ತುದಿ ಕತ್ತರಿಸಿ ಹೊಸದು ಹಾಕಿಸಿ. ಉಜ್ಜಿ ಮುಂದುವರಿಸಿದರೆ ಎರಡು ತಿಂಗಳು ಬಾಳುತ್ತದೆ, ಮೂರನೆಯದಕ್ಕೆ ಇಲ್ಲ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು, 100 ಮೆಗಾಬಿಟ್ಟಿಗೆ ನಾಲ್ಕು ಸಾಕು. ಹಾಗಾಗಿ ಒಂದೆರಡು ತಂತಿ ಕೆಟ್ಟಾಗ ಜಾಲ ಸಾಯದೆ ನಿಧಾನವಾಗುವುದೂ ಉಂಟು. ಸಂಗೀತಕ್ಕೆ 100 ಧಾರಾಳ, ಆದ್ದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸಿಡಿಲಿನ ಮಾತು ಬೇರೆ. ಮಳೆ ಹಿಡಿಯುವ ಮೊದಲು ಮತ್ತು ಬಿಡುವಾಗ ನಮ್ಮ ಕಡೆ ಟಿವಿಯ ಪ್ಲಗ್ ಕಿತ್ತಿಡುವುದು ಎಲ್ಲರಿಗೂ ಅಭ್ಯಾಸ. ಫೈಬರ್ ಬಂದ ಮೇಲೆ ರೌಟರಿಗೆ ಭಯವಿಲ್ಲ ಎಂದು ಅನೇಕರು ನಂಬಿದ್ದಾರೆ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ನಿಜ. ಆದರೆ ಕರೆಂಟಿನ ವಯರಿನಲ್ಲೂ ಮಾಳಿಗೆಗೆ ಏರಿದ ತಾಮ್ರದ ಕೇಬಲಿನಲ್ಲೂ ಬರುತ್ತದೆ. ಹಾಗೆ ಬಂದಾಗ ರೌಟರ್ ಪೂರ್ತಿ ಸುಡಬೇಕೆಂದಿಲ್ಲ, ಒಂದು ಪೋರ್ಟ್ ಮಾತ್ರ ಸಾಯಬಹುದು. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಮೇಲೆ ಬಂದರೆ ಬರುತ್ತದೆ, ಕೆಳಗೆ ಇಳಿದರೆ ಇಲ್ಲ

ಇದು ನನ್ನನ್ನು ಎರಡು ಭಾನುವಾರ ಓಡಾಡಿಸಿದ ದೋಷ. ಮಾಳಿಗೆಯಲ್ಲಿ ಮೊಬೈಲಿನಿಂದ ಎಲ್ಲ ಹಾಡೂ ಸಿಗುತ್ತಿತ್ತು. ಮೆಟ್ಟಿಲಿಳಿದು ಚಾವಡಿಗೆ ಬಂದರೆ ಮೊಬೈಲಿಗೂ ಇಲ್ಲ, ಟಿವಿಗೂ ಇಲ್ಲ. ವೈ-ಫೈ ಕಡ್ಡಿಗಳು ಮಾತ್ರ ತುಂಬಿ ನಿಂತಿದ್ದವು. "ಸಿಗ್ನಲ್ ಇಳಿಯುವುದಿಲ್ಲ" ಎಂದು ಮಾವನ ಮಗ, ನನಗೆ ಭಾವ, ತೀರ್ಮಾನ ಕೊಟ್ಟಾಗಿತ್ತು. ಇನ್ನೊಂದು ಪೆಟ್ಟಿಗೆ ಕೊಳ್ಳುವ ಮಾತೂ ಶುರುವಾಗಿತ್ತು.

ಕಡೆಗೆ ಕಣ್ಣಿಗೆ ಬಿದ್ದದ್ದು ಎರಡು ಅಂಕಿ. ಮಾಳಿಗೆಯಲ್ಲಿ ಮೊಬೈಲಿನ ವಿಳಾಸ 192.168.0.7, ಚಾವಡಿಯಲ್ಲಿ ಅದೇ ಮೊಬೈಲಿನದು 192.168.1.14. ಮೂರನೆಯ ಅಂಕಿ ಬೇರೆ! ಒಂದೇ ಮನೆಯಲ್ಲಿ ಎರಡು ಜಾಲಗಳು ನಡೆಯುತ್ತಿದ್ದವು. ಬಾಗಿಲ ಬಳಿಯ ಫೈಬರ್ ಪೆಟ್ಟಿಗೆಯೇ ಒಂದು ರೌಟರ್. ಭಾವ ಮಾಳಿಗೆಗೆಂದು ಕೊಂಡ ಇನ್ನೊಂದು ರೌಟರನ್ನು, ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿದ್ದಂತೆ, ಇಂಟರ್ನೆಟ್ ಎಂದು ಬರೆದ ತೂತಿಗೆ ಕೇಬಲ್ ಹಾಕಿ ನಡೆಸಿದ್ದ. ಹಾಗೆ ಹಾಕಿದರೆ ಅದು ತನ್ನ ಹಿಂದೆ ಇರುವುದನ್ನೆಲ್ಲ ಬೇಲಿ ಕಟ್ಟಿ ಕಾಯುತ್ತದೆ. ಸರ್ವರ್ ಬೇಲಿಯ ಒಳಗೆ, ಟಿವಿ ಬೇಲಿಯ ಹೊರಗೆ. ಇಂಟರ್ನೆಟ್ ಎರಡೂ ಕಡೆ ಸಿಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಪರಿಹಾರಕ್ಕೆ ಕಾಸು ಬೇಕಾಗಲಿಲ್ಲ. ಎರಡನೆಯ ರೌಟರಿನ ಸೆಟ್ಟಿಂಗಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಎಂಬ ಆಯ್ಕೆ ಒತ್ತಿದೆವು. ಆ ಆಯ್ಕೆ ಇಲ್ಲದ ಹಳೆಯ ರೌಟರಾದರೆ ಅದರ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಕೆಲಸವನ್ನು, ನಿಲ್ಲಿಸಿ, ಮೊದಲ ರೌಟರಿನ ಸಾಲಿನದೇ ಆದ, ಬೇರೆ ಯಾರೂ ಬಳಸದ ವಿಳಾಸ ಕೊಟ್ಟು, ಕೇಬಲನ್ನು ಇಂಟರ್ನೆಟ್ ತೂತಿನಿಂದ ತೆಗೆದು ಪಕ್ಕದ ಸಾಮಾನ್ಯ ತೂತಿಗೆ ಹಾಕಬೇಕು. ಆಗ ಇಡೀ ಮನೆಗೆ ಒಂದೇ ಸಾಲಿನ ವಿಳಾಸ.

ನೋಡುವಾಗ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಆ ಸಾಧನಕ್ಕೆ ರೌಟರ್ ಏನೂ ಕೊಟ್ಟಿಲ್ಲ, ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಅತಿಥಿಗಳ ವೈ-ಫೈಗೆ ಟಿವಿ ಸೇರಿಕೊಂಡಿದ್ದರೂ ಫಲ ಇದೇ: ಅತಿಥಿ ಜಾಲ ಇಂಟರ್ನೆಟ್ ಕೊಡುತ್ತದೆ, ಮನೆಯವರನ್ನು ತೋರಿಸುವುದಿಲ್ಲ.

ನಾಲ್ಕೂವರೆ ನಿಮಿಷದ ಸರ್ವರ್

ಜಾಲ ಒಂದೇ ಆದ ಮೇಲೂ ಸರ್ವರ್ ಕಣ್ಣಾಮುಚ್ಚಾಲೆ ಆಡಬಹುದು. ಟಿವಿ ಹಚ್ಚಿದಾಗ ಕಾಣುತ್ತದೆ, ನಾಲ್ಕೂವರೆ ನಿಮಿಷಕ್ಕೆ ಮಾಯ. ಇಷ್ಟು ಕರಾರುವಾಕ್ಕಾಗಿ ಮಾಯವಾಗುವುದೇ ಸುಳಿವು.

ಟಿವಿ ಸರ್ವರನ್ನು ಹುಡುಕುವುದು ಹೆಸರು ಹಿಡಿದು ಕರೆದಲ್ಲ. ಜಾತ್ರೆಯಲ್ಲಿ ಮೈಕಿನಲ್ಲಿ ಕೂಗಿದಂತೆ 239.255.255.250 ಎಂಬ ಗುಂಪು ವಿಳಾಸಕ್ಕೆ, 1900ನೇ ಪೋರ್ಟಿಗೆ, "ಹಾಡು ಇರುವವರು ಯಾರಿದ್ದೀರಿ" ಎಂದು ಕೂಗುತ್ತದೆ. ಸರ್ವರ್ ಓಗೊಡುತ್ತದೆ. ಮಿನಿಡಿಎಲ್‌ಎನ್‌ಎ ತಾನಾಗಿಯೂ ಸುಮಾರು ಕಾಲು ಗಂಟೆಗೊಮ್ಮೆ, 895 ಸೆಕೆಂಡಿಗೆ, ಕೂಗಿ ಹೇಳುತ್ತದೆ. ಕೂಗು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಲೆಕ್ಕ ಇಟ್ಟು ಬೇಕಾದವರಿಗೆ ಮಾತ್ರ ಮುಟ್ಟಿಸುವ ಒಂದು ಜಾಣತನ ಕೆಲವು ರೌಟರು, ಸ್ವಿಚ್ಚುಗಳಲ್ಲಿದೆ: ಐಜಿಎಂಪಿ ಸ್ನೂಪಿಂಗ್. "ಇನ್ನೂ ಬೇಕೇ" ಎಂದು 125 ಸೆಕೆಂಡಿಗೊಮ್ಮೆ ವಿಚಾರಿಸುವವರು ಜಾಲದಲ್ಲಿ ಯಾರೂ ಇಲ್ಲದಿದ್ದರೆ, ಎರಡು ಸುತ್ತು ಕಾದು, ಮೇಲೆ ಹತ್ತು ಸೆಕೆಂಡು ಸೇರಿಸಿ, ಅಂದರೆ 260 ಸೆಕೆಂಡಿಗೆ, ಸ್ವಿಚ್ಚು ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ. ಹೆಚ್ಚುಕಡಿಮೆ ಅದೇ ನಮ್ಮ ನಾಲ್ಕೂವರೆ ನಿಮಿಷ. ಮನೆಯಲ್ಲಿ ಈ ಜಾಣತನದಿಂದ ಲಾಭವೇನೂ ಇಲ್ಲ, ಆರಿಸಿಬಿಡಿ. ವೈ-ಫೈ ಸೆಟ್ಟಿಂಗಿನಲ್ಲಿ ಎಪಿ ಐಸೊಲೇಷನ್ ಎಂಬುದೂ ಇದ್ದರೆ ಅದನ್ನೂ ಆರಿಸಿ. ಅದು ಒಂದು ಸಾಧನವನ್ನು ಇನ್ನೊಂದರಿಂದ ಮುಚ್ಚಿಡುವುದಕ್ಕೆಂದೇ ಇರುವುದು.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರ್ವರ್ ಕಾಣದಿದ್ದರೆ ಕಾರಣ ಹೆಚ್ಚಾಗಿ ಬೇರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ಪದ್ಧತಿಯ ತೂತಿನಿಂದಲೇ ನುಗ್ಗಿತ್ತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಅಳವಡಿಸುವಾಗ ಆ ಪದ್ಧತಿ ಸೇರುವುದಿಲ್ಲ. ನೆಟ್‌ವರ್ಕ್ ಎಂಬ ಕಿಟಕಿಯಲ್ಲಿ ಅಕ್ಕಪಕ್ಕದ ಕಂಪ್ಯೂಟರುಗಳನ್ನು ಸಾಲಾಗಿ ತೋರಿಸುತ್ತಿದ್ದ ಹಳೆಯ ವ್ಯವಸ್ಥೆ ಅದನ್ನೇ ನೆಚ್ಚಿಕೊಂಡಿತ್ತು. ಹಾಗಾಗಿ ಸರ್ವರ್ ಇದ್ದರೂ ಕಿಟಕಿಯಲ್ಲಿ ಕಾಣುವುದಿಲ್ಲ. ವಿಳಾಸ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ (\\) ಎಳೆದು 192.168.1.20 ಎಂದು ಬರೆದರೆ ತಟ್ಟನೆ ತೆರೆಯುತ್ತದೆ. ಕಿಟಕಿಯಲ್ಲೂ ಕಾಣಲೇಬೇಕು ಎನ್ನುವವರು ಸರ್ವರಿನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ತಂತ್ರಾಂಶ ಹಾಕಿಕೊಳ್ಳಲಿ. ಹಳೆಯ ಎಸ್‌ಎಂಬಿ 1 ಮತ್ತೆ ಹಚ್ಚಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಭಾವ ಹೊಸ ಲ್ಯಾಪ್‌ಟಾಪ್ ತಂದಾಗ ವಿಳಾಸ ಬರೆದರೂ ತೆರೆಯಲಿಲ್ಲ. ನಾವು ಪಾಸ್‌ವರ್ಡ್ ಇಲ್ಲದೆ ಹಂಚಿದ್ದೆವು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಅಂಥ ಬಾಗಿಲಿಗೆ ತಾನಾಗಿ ಹೋಗುವುದಿಲ್ಲ. ಸಾಂಬಾದಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿದ ಮೇಲೆ ಸರಿಯಾಯಿತು. ಲ್ಯಾಪ್‌ಟಾಪ್ ಈ ಜಾಲವನ್ನು ಸಾರ್ವಜನಿಕ ಎಂದು ಗುರುತಿಸಿದೆಯೋ ಖಾಸಗಿ ಎಂದೋ ಅದನ್ನೂ ಒಮ್ಮೆ ನೋಡಿಕೊಳ್ಳಿ. ಮನೆಯ ಜಾಲ ಖಾಸಗಿಯಾಗಿರಬೇಕು.

ಸೊನ್ನೆ ಹಾಡು

ಪತ್ತನಾಜೆ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಮಾವನಿಗೆ ಈ ಡಿಸ್ಕೇ ಗತಿ. ಅದೇ ಹೊತ್ತಿಗೆ ಮಳೆ ಶುರು, ಕರೆಂಟ್ ಹೋಗುವುದು ಶುರು. ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಪಟ್ಟಿಯಲ್ಲಿ ಒಂದೂ ಹಾಡಿಲ್ಲ. ಮಾವನ ಸ್ವರ ನಡುಗುತ್ತಿತ್ತು: "ಎಲ್ಲ ಅಳಿಸಿಹೋಯಿತೋ?"

ಏನೂ ಅಳಿದಿರಲಿಲ್ಲ. ಆ ರಾತ್ರಿ ಪೈ ಎದ್ದಷ್ಟು ಬೇಗ ಡಿಸ್ಕ್ ಏಳಲಿಲ್ಲ. ಪೈಯನ್ನು ನಡೆಸುವ ಲಿನಕ್ಸಿನಲ್ಲಿ ಡಿಸ್ಕನ್ನು ಒಂದು ಫೋಲ್ಡರಿನ ಮೇಲೆ ಕೂರಿಸುತ್ತಾರೆ, ಮೌಂಟ್ ಮಾಡುವುದು ಎಂದರೆ ಅದೇ. ಡಿಸ್ಕ್ ಕೂರದಿದ್ದರೂ ಆ ಫೋಲ್ಡರ್ ಇದ್ದೇ ಇರುತ್ತದೆ, ಖಾಲಿಯಾಗಿ. ಮನೆಯವರು ಏಳುವ ಮೊದಲೇ ಬಂದ ಪೇಪರಿನ ಹುಡುಗನ ಹಾಗೆ ಮಿನಿಡಿಎಲ್‌ಎನ್‌ಎ ಬಾಗಿಲಿಗೆ ಬಂದು, ಒಳಗೆ ಯಾರೂ ಇಲ್ಲ ಎಂದು ಬರೆದುಕೊಂಡು ಹೋಗಿತ್ತು.

ಇಲ್ಲಿಯವರೆಗೆ ಅದು ಸಣ್ಣ ತೊಂದರೆ. ದೊಡ್ಡದು ಮಾಡಿದ್ದು ನಾವು. ಪಟ್ಟಿ ಖಾಲಿ ಕಂಡ ಭಾವ, ತನ್ನ ಪೆನ್‌ಡ್ರೈವಿನಲ್ಲಿದ್ದ ಒಂದಿಷ್ಟು ಭಜನೆಗಳನ್ನು ಲ್ಯಾಪ್‌ಟಾಪಿನಿಂದ ಅದೇ ಫೋಲ್ಡರಿಗೆ ಹಾಕಿದ. ಅವು ಟಿವಿಯಲ್ಲಿ ಕಂಡವು, ನುಡಿದವು. ಅತ್ತೆಗೆ ಸಮಾಧಾನವಾಯಿತು. ಮರುದಿನ ನಾನು ಡಿಸ್ಕ್ ಕೂರಿಸಿದಾಗ ಹಳೆಯ ಒಂಬತ್ತು ಸಾವಿರವೂ ಮರಳಿದವು, ಭಜನೆಗಳು ಮಾತ್ರ ಮಾಯ. ಅವು ಡಿಸ್ಕಿಗೆ ಹೋಗಿರಲೇ ಇಲ್ಲ. ಪೈ ಒಳಗಿನ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಕೂತಿದ್ದವು, ಈಗ ಡಿಸ್ಕ್ ಅವುಗಳ ಮೇಲೆ ಕೂತು ಮುಚ್ಚಿಬಿಟ್ಟಿತ್ತು. ಕಾರ್ಡ್ ಮುಕ್ಕಾಲು ತುಂಬಿದ್ದರೂ ಏನು ತುಂಬಿದೆ ಎಂದು ಕಾಣುವುದಿಲ್ಲ. ಡಿಸ್ಕನ್ನು ಒಮ್ಮೆ ಕೆಳಗಿಳಿಸಿ ನೋಡಿದಾಗಲೇ ಭಜನೆಗಳು ಸಿಕ್ಕಿದ್ದು.

ಪರೀಕ್ಷೆ ಸುಲಭ. ಸರ್ವರಿನಲ್ಲಿ ಡಿಎಫ್ ಆದೇಶ ಕೊಟ್ಟರೆ ಯಾವ ಫೋಲ್ಡರಿನ ಮೇಲೆ ಎಷ್ಟು ದೊಡ್ಡ ಡಿಸ್ಕ್ ಕೂತಿದೆ ಎಂದು ತೋರಿಸುತ್ತದೆ. 2 ಟಿಬಿಯ ಸಾಲು ಇಲ್ಲದಿದ್ದರೆ ಉತ್ತರ ಸಿಕ್ಕಿತು. ಶಾಶ್ವತ ಪರಿಹಾರಕ್ಕೆ ಮೂರು ಕೆಲಸ ಮಾಡಿದೆ. ಯಾವ ಡಿಸ್ಕ್ ಎಲ್ಲಿ ಕೂರಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕನ್ನು ಎಸ್‌ಡಿಎ ಎಂಬ ಹೆಸರಿನ ಬದಲು ಯುಯುಐಡಿ ಎಂಬ, ಅದಕ್ಕೊಂದಕ್ಕೇ ಸೇರಿದ ಗುರುತಿನಿಂದ ಗುರುತಿಸಿದೆ, ಏಕೆಂದರೆ ಇನ್ನೊಂದು ಪೆನ್‌ಡ್ರೈವ್ ಇದ್ದರೆ ಎಸ್‌ಡಿಎ ಎಸ್‌ಡಿಬಿ ಆಗಿಬಿಡುತ್ತದೆ. ಮಿನಿಡಿಎಲ್‌ಎನ್‌ಎಯನ್ನು ಎಬ್ಬಿಸುವ ಸಿಸ್ಟಮ್‌ಡಿ ಕಡತದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಎಂಬ ಸಾಲು ಸೇರಿಸಿ, ಡಿಸ್ಕ್ ಕೂತ ಮೇಲಷ್ಟೇ ಏಳುವಂತೆ ಮಾಡಿದೆ. ಮೂರನೆಯದು ನನಗೆ ಹೆಚ್ಚು ಇಷ್ಟವಾದದ್ದು: ಡಿಸ್ಕ್ ಇಳಿಸಿ, ಆ ಖಾಲಿ ಫೋಲ್ಡರಿಗೆ ಚಾಟರ್ ಆದೇಶದಿಂದ ಬೀಗ ಹಾಕಿದೆ. ಈಗ ಡಿಸ್ಕ್ ಇಲ್ಲದಾಗ ಅಲ್ಲಿ ಯಾರೂ ಏನೂ ಬರೆಯಲಾರರು. ಭಾವನೂ.

ಡಿಸ್ಕ್ ಏಕೆ ಏಳಲಿಲ್ಲ ಎಂಬ ಪ್ರಶ್ನೆ ಉಳಿಯಿತು. ಪೈಗೆ ಹಾಕಿದ್ದು ಹಳೆಯ ಮೊಬೈಲ್ ಚಾರ್ಜರ್. ಪೈ 4ಕ್ಕೆ 5.1 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. ಅದರ ಯುಎಸ್‌ಬಿ ತೂತುಗಳೆಲ್ಲ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ, ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಒಂದು ಆಂಪಿಯರಿನ ಹತ್ತಿರ ಕೇಳುತ್ತದೆ. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ವಿಸಿಜೆನ್‌ಸಿಎಂಡಿ ಎಂಬ ಆದೇಶಕ್ಕೆ ಗೆಟ್ ಥ್ರಾಟಲ್ಡ್ ಎಂದು ಸೇರಿಸಿ ಕೇಳಿದರೆ ಉತ್ತರ ಸೊನ್ನೆ ಬರಬೇಕು. ನಮಗೆ 50000 ಬಂತು, ಅಂದರೆ ಎದ್ದ ಮೇಲೆ ಯಾವಾಗಲೋ ಕರೆಂಟ್ ಸಾಲದೇ ಹೋಗಿದೆ. ಕಿವಿಗೊಟ್ಟರೆ ಡಿಸ್ಕಿನಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಕೇಳುತ್ತದೆ. ಸರಿಯಾದ ಅಡಾಪ್ಟರ್ ಮತ್ತು ತನ್ನದೇ ಕರೆಂಟ್ ಇರುವ ಒಂದು ಯುಎಸ್‌ಬಿ ಹಬ್ ತಂದ ಮೇಲೆ ಆ ಸದ್ದು ನಿಂತಿತು.

ಡಿಸ್ಕ್ ವಿಂಡೋಸಿನ ಎನ್‌ಟಿಎಫ್‌ಎಸ್ ವಿನ್ಯಾಸದ್ದಾಗಿದ್ದು, ಲ್ಯಾಪ್‌ಟಾಪಿನಿಂದ ಸರಿಯಾಗಿ ಹೊರಹಾಕದೆ ಕಿತ್ತು ತಂದಿದ್ದರೆ ಲಿನಕ್ಸ್ ಅದನ್ನು ಓದಲು ಮಾತ್ರ ಬಿಡಬಹುದು, ಇಲ್ಲವೇ ಮುಟ್ಟಲೂ ಒಪ್ಪದಿರಬಹುದು. ಮತ್ತೆ ವಿಂಡೋಸಿಗೆ ಹಾಕಿ ದೋಷ ಪರೀಕ್ಷೆ ನಡೆಸಿ, ಕ್ರಮವಾಗಿ ಹೊರಹಾಕಿ ತನ್ನಿ.

ಚೆಂಡೆ ಕಡಿದು ಕಡಿದು ಬಂದರೆ

ಹಾಡು ಬರುತ್ತದೆ, ನಡುನಡುವೆ ಕಡಿಯುತ್ತದೆ. ಈ ದೂರಿಗೆ ಎಲ್ಲರ ಬಾಯಲ್ಲೂ ಬರುವ ಮದ್ದು ಇಂಟರ್ನೆಟ್ ಪ್ಲಾನ್ ಏರಿಸುವುದು. ಮನೆಯೊಳಗಿನ ಹಾಡು ಇಂಟರ್ನೆಟ್ಟಿನ ಕಡೆ ತಲೆಯೂ ಹಾಕುವುದಿಲ್ಲ. ಬೇಕಾದರೆ ಫೈಬರ್ ಎಳೆಯನ್ನು ಕಿತ್ತು ನೋಡಿ, ಹಾಡು ನಡೆಯುತ್ತಲೇ ಇರುತ್ತದೆ. ಒಳ್ಳೆಯ ಎಂಪಿ3 ಹಾಡಿಗೆ ಬೇಕಾದದ್ದು ಸೆಕೆಂಡಿಗೆ 320 ಕಿಲೋಬಿಟ್. ಸಿಡಿಯನ್ನು ಹಾಗೆಯೇ ಸುರಿದರೂ 1,411. ಅತಿ ಸೋಮಾರಿ ವೈ-ಫೈ ಕೂಡ ಇದನ್ನು ಹೊರುತ್ತದೆ. ತೊಂದರೆ ವೇಗದ್ದಲ್ಲ, ನಡುವೆ ಕೈಬಿಡುವುದರದ್ದು.

ಕಡಿಯುವ ರೀತಿ ಗಮನಿಸಿ. ಒತ್ತಿದ ಮೇಲೆ ಎಂಟು ಹತ್ತು ಸೆಕೆಂಡು ಮೌನ, ಆಮೇಲೆ ಸರಾಗ ಎಂದಾದರೆ ಡಿಸ್ಕ್ ನಿದ್ದೆಯಲ್ಲಿತ್ತು. ಅದು ದೋಷವೇ ಅಲ್ಲ. ಒಂದು ಹಾಡು ಪ್ರತಿಸಲವೂ ಅದೇ ಜಾಗದಲ್ಲಿ ಎಡವಿದರೆ ಕಡತವೇ ಕೆಟ್ಟಿದೆ. ಎಲ್ಲ ಹಾಡೂ ಎಲ್ಲೆಲ್ಲೋ ಕಡಿದರೆ ವೈ-ಫೈ.

ನಮ್ಮ ಕಡೆಯ ಮುರಕಲ್ಲಿನ ಗೋಡೆಗೆ ಹೆಂಚು, ಸಿಮೆಂಟಿನ ಜಾಹೀರಾತಿನವರು ಹೇಳದ ಒಂದು ಗುಣವಿದೆ: ದಪ್ಪಕ್ಕೆ ತಕ್ಕ ಹಾಗೆ ವೈ-ಫೈ ನುಂಗುತ್ತದೆ. ಆಷಾಢದಲ್ಲಿ ಗೋಡೆ ನೀರು ಕುಡಿದು ನಿಂತಾಗ ಇನ್ನಷ್ಟು. 5 ಗಿಗಾಹರ್ಟ್ಸ್ ಅಲೆಗಳಿಗೆ ಗೋಡೆ ದಾಟುವ ಶಕ್ತಿ ಇನ್ನೂ ಕಡಿಮೆ. ಚಾವಡಿಯ ಟಿವಿಯನ್ನು 2.4ಕ್ಕೆ ಹಾಕಿ, ರೌಟರಿನ ಚಾನಲನ್ನು 1, 6, 11ರಲ್ಲಿ ನೆರೆಮನೆಯವರು ಕಡಿಮೆ ಬಳಸುವುದಕ್ಕೆ ನಿಲ್ಲಿಸಿ. ಇದೆಲ್ಲ ಸಮಾಧಾನದ ಮಾತು. ಟಿವಿಗೆ ಒಂದು ಕೇಬಲ್ ಎಳೆದ ದಿನವೇ ಮಾವನ ಚೆಂಡೆ ನೆಟ್ಟಗಾಯಿತು.

ಎಂಟೂವರೆ ಗಂಟೆಯ ಆಟ, ಒಂದು ಮುಕ್ಕಾಲು ಗಂಟೆಯಲ್ಲಿ

ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗ್ಗೆ ಆರಕ್ಕೆ ಮಂಗಳ ಹಾಡಿದ ಒಂದು ಆಟ. ಭಾವ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಂಟಿಸಿ, ಒಂದೇ ಡಬ್ಲ್ಯುಎವಿ ಕಡತ ಮಾಡಿದ್ದ. ಟಿವಿಯಲ್ಲಿ ಅವಧಿ 1 ಗಂಟೆ 44 ನಿಮಿಷ ಎಂದು ತೋರಿಸುತ್ತಿತ್ತು. ಅಷ್ಟಾದ ಕೂಡಲೇ, ಇನ್ನೂ ಒಡ್ಡೋಲಗ ಮುಗಿದು ಕಥೆ ಹಿಡಿಯುವಷ್ಟರಲ್ಲಿ, ನಿಂತುಬಿಡುತ್ತಿತ್ತು. ಉಳಿದದ್ದು ಹಾಳಾಗಿದೆ ಎಂದು ಮಾವ ಆಸೆ ಬಿಟ್ಟಿದ್ದರು.

ಕಡತದ ಗಾತ್ರ ನೋಡಿದೆ: 5.4 ಜಿಬಿ. ಸಿಡಿ ಗುಣಮಟ್ಟದ ಡಬ್ಲ್ಯುಎವಿ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ. ಭಾಗಿಸಿದರೆ ಸರಿಯಾಗಿ ಎಂಟೂವರೆ ಗಂಟೆ. ಎಲ್ಲವೂ ಒಳಗೇ ಇದೆ! ಆದರೆ ಡಬ್ಲ್ಯುಎವಿ ಕಡತದ ತಲೆಭಾಗದಲ್ಲಿ ತನ್ನ ಉದ್ದ ಬರೆದಿಡುವ ಜಾಗಕ್ಕೆ 32 ಬಿಟ್ ಮಾತ್ರ. 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಹಿಡಿಸುವುದಿಲ್ಲ, ಹಳೆಯ ಸ್ಕೂಟರಿನ ಮೀಟರಿನ ಹಾಗೆ ಸೊನ್ನೆಗೆ ತಿರುಗುತ್ತದೆ. ಸಮಯದ ಲೆಕ್ಕದಲ್ಲಿ ಆ ತಿರುವು ಬರುವುದು ಸುಮಾರು ಆರು ಮುಕ್ಕಾಲು ಗಂಟೆಗೆ. ಎಂಟೂವರೆಯಲ್ಲಿ ಅದನ್ನು ಕಳೆದರೆ ಉಳಿಯುವುದು ಒಂದು ಗಂಟೆ ನಲವತ್ನಾಲ್ಕು ನಿಮಿಷ. ಲೆಕ್ಕ ಕೂಡಿದಾಗ ಮಾವನಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಗುಣ ಕೆಡಿಸದೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಪರಿವರ್ತಿಸುವಾಗ ತಲೆಭಾಗದ ಉದ್ದವನ್ನು ಲೆಕ್ಕಿಸಬೇಡ ಎಂದು ಹೇಳುವ ಆಯ್ಕೆ ಇದೆ, ಇಗ್ನೋರ್ ಚಂಕ್ ಸೈಜಸ್ ಎಂದು. ಅದನ್ನು ಕೊಟ್ಟು ಇಡೀ ಆಟವನ್ನು ಹೊರತೆಗೆದು, ಗಂಟೆಗೊಂದರಂತೆ ತುಂಡು ಮಾಡಿದೆ. ಟಿವಿ ಹಳೆಯದಾಗಿದ್ದು ಫ್ಲ್ಯಾಕ್ ನುಡಿಸದಿದ್ದರೆ ಮಿನಿಡಿಎಲ್‌ಎನ್‌ಎ ಅದನ್ನು ಬೇರೆ ರೂಪಕ್ಕೆ ಬದಲಿಸಿ ಕೊಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬಡಿಸುತ್ತದೆ. ಆ ತುಂಡುಗಳ ಎಂಪಿ3 ಪ್ರತಿಯನ್ನೂ ಪಕ್ಕದಲ್ಲಿ ಇಡಬೇಕಾಯಿತು.

ಎರಡೆರಡು ದೇವರನಾಮ

ಕಡೆಯದು ಕನ್ನಡದ್ದೇ ತೊಂದರೆ. ಭಾವ ತನ್ನ ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಸಂಗ್ರಹವನ್ನು ಇನ್ನೊಮ್ಮೆ ನಕಲು ಮಾಡಿದ. ಇದ್ದ ಫೋಲ್ಡರಿನ ಮೇಲೆಯೇ ಬೀಳಬೇಕಿತ್ತು. ಬದಲಿಗೆ "ದೇವರನಾಮ" ಎರಡಾಯಿತು, "ಗೋಪಾಲನಾಥ್" ಎರಡಾಯಿತು, "ಕೀರ್ತನೆ" ಎರಡಾಯಿತು. "ಭಜನೆ", "ತಾಳಮದ್ದಳೆ", "ಪಾಡ್ದನ" ಒಂದೊಂದೇ ಇದ್ದವು. ಎರಡಾದ ಹೆಸರುಗಳು ಅಕ್ಷರಕ್ಷರ ಒಂದೇ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲವಲ್ಲ?

ಎರಡಾದವುಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿದೆ. ಪ್ರತಿಯೊಂದರಲ್ಲೂ ಗುಡಿಸಿನ ದೀರ್ಘವೋ ಏತ್ವವೋ ಓತ್ವವೋ ಇತ್ತು. ಒಂದೇ ಆಗಿ ಉಳಿದವುಗಳಲ್ಲಿ ಯಾವುದೂ ಇರಲಿಲ್ಲ. ಯುನಿಕೋಡಿನಲ್ಲಿ ಇಂಥ ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. "ಗೋ"ದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘದ ಗುರುತು ಹೀಗೆ ಮೂರು ತುಣುಕುಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ವಿಂಡೋಸಿನಲ್ಲಿ ಟೈಪ್ ಮಾಡಿದವು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತವೆ. ಕಾನ್ವ್‌ಎಂವಿ ಎಂಬ ಸಾಧನಕ್ಕೆ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಬಿಡಿಸಿದವನ್ನು ಕೂಡಿಸುತ್ತದೆ. ಆದರೆ ಅದೇ ಹೆಸರಿನ ಫೋಲ್ಡರ್ ಆಗಲೇ ಇದ್ದರೆ ಎರಡನ್ನೂ ಬೆರೆಸುವ ಕೆಲಸ ನಿಮ್ಮದು. ನನಗೆ ಒಂದು ಸಂಜೆ ಹಿಡಿಯಿತು. ಹುಡುಕಿದರೆ ಸಿಗದ, ಆದರೆ ಕಣ್ಣೆದುರೇ ಇರುವ ಹಾಡಿಗೂ ಕಾರಣ ಇದೇ ಇರಬಹುದು.

ಹಾಡಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯುನಿಕೋಡ್ ಬರುವ ಮೊದಲಿನ ಕನ್ನಡ ಫಾಂಟಿನಲ್ಲಿ ಬರೆದ ಟ್ಯಾಗ್. ಮೊಬೈಲಿನಲ್ಲೂ ಹಾಗೆಯೇ ಕಾಣುತ್ತದೆ. ಹೊಸದಾಗಿ ಟೈಪ್ ಮಾಡದೆ ಬೇರೆ ದಾರಿ ನನಗೆ ಸಿಕ್ಕಿಲ್ಲ. ಮೊಬೈಲಿನಲ್ಲಿ ಸರಿಯಾಗಿ ಕಂಡು ಟಿವಿಯಲ್ಲಿ ಮಾತ್ರ ಖಾಲಿ ಚೌಕಗಳು ಬಂದರೆ ಟಿವಿಯೊಳಗೆ ಕನ್ನಡ ಫಾಂಟ್ ಇಲ್ಲ, ಹೊರಗಿನಿಂದ ಹಾಕಲೂ ಬರುವುದಿಲ್ಲ. ಫೋಲ್ಡರುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡೋಣವೇ ಎಂದು ಮಾವನನ್ನು ಕೇಳಿದೆ.

"ಬೇಡ" ಎಂದರು. "ನಾಲ್ಕು ಚೌಕ ಇದ್ದರೆ ಪಾಡ್ದನ, ಮೂರು ಇದ್ದರೆ ಭಜನೆ. ನನಗೆ ಅಭ್ಯಾಸವಾಗಿದೆ."

ಒತ್ತಕ್ಷರಕ್ಕೂ ಎತ್ವಕ್ಕೂ ಟಿವಿ ಬೇರೆ ಚೌಕ ತೋರಿಸುವುದರಿಂದ ಆ ಲೆಕ್ಕ ತಪ್ಪು. ಆದರೂ ಅವರು ಒತ್ತಿದ್ದು ಪಾಡ್ದನವೇ ಆಗಿತ್ತು.